ಹನ್ನೊಂದು ಮಂಗಳವಾರ

ಕುಮಾಸಿಯಿಂದ ಕಾಗದ ಬಂತು: ಸೀಟು ಸಿಕ್ಕಿದೆ, ಭೂಮಾಪನ.
ಕಾಲೇಜು ತೆರೆಯಲು ಇನ್ನೂ ಹನ್ನೆರಡು ವಾರ.
ಅಪಾಮ್ ಊರಿಗೆ ಊರೇ ನನ್ನ ಬಿಡುವನ್ನು
ತನ್ನ ಸ್ವಂತ ಸ್ವತ್ತೆಂಬಂತೆ ಪಾಲು ಹಾಕತೊಡಗಿತು.

ಟೈಪಿಂಗ್ ಕಲಿ, ಎಂದರು ಪಾಸ್ಟರು.
ಫೀಫಿಗೆ ಲೆಕ್ಕ ಹೇಳಿಕೊಡು, ಎಂದಳು ಚಿಕ್ಕಮ್ಮ.
ಅಮ್ಮ ಮಾತ್ರ, ಮೀನಿಗೆ ಹೊಗೆ ಕೊಡುವ ಒಲೆಯ ಮುಂದೆ
ಕಣ್ಣೊರೆಸಿಕೊಳ್ಳುತ್ತ, ‘ನಿದ್ದೆ ಮಾಡೇ,
ಅಲ್ಲಿ ಅದೊಂದು ಸಿಗಲಿಕ್ಕಿಲ್ಲ’ ಎಂದಳು.

ಮಾಡಿದೆ. ಒಂದು ವಾರ ಪೂರ್ತಿ.
ಎದ್ದಾಗ ಕೆನ್ನೆಯ ಮೇಲೆ ಚಾಪೆಯ ಗೀರು,
ಮೈಯೊಳಗೆ ಒದ್ದೆ ಮರಳಿನ ಭಾರ.

ಮಂಗಳವಾರ ನಮ್ಮಲ್ಲಿ ಕಡಲಿಗೆ ರಜೆ.
ಯಾರೂ ಬಲೆ ಬೀಸುವಂತಿಲ್ಲ. ಬೀಸಿದವರ ಕಥೆಗಳಿವೆ,
ಹೇಳುವುದಿಲ್ಲ.
ದೋಣಿಗಳೆಲ್ಲ ದಂಡೆಗೆ ಬಂದು ಮಗ್ಗುಲಾಗಿರುತ್ತವೆ,
ಅವುಗಳ ಮೈಮೇಲೆ ಅಕ್ಷರ ಬರೆಯುವಾತ ಎಗ್ಯಾ ಬೋಟ್ವೆ.
ಎಡಗಣ್ಣಿಗೆ ಪೊರೆ ಬಂದು, ಅವನ ಗೆರೆಗಳು
ಆ ವರ್ಷ ಏಡಿಯ ಹಾಗೆ ಪಕ್ಕಕ್ಕೆ ನಡೆಯುತ್ತಿದ್ದವು.
‘ಅರಬಾ, ಮಂಗಳವಾರ ಹುಟ್ಟಿದವಳಲ್ಲವೇ ನೀನು?
ಕಡಲು ಸುಮ್ಮನಿರುವ ದಿನ ನೀನೇಕೆ ಸುಮ್ಮನಿರಬೇಕು, ಹಿಡಿ’
ಎಂದು ಕುಂಚ ಕೊಟ್ಟ. ಅದರಲ್ಲಿ ಅರ್ಧಕ್ಕರ್ಧ ಕೂದಲಿರಲಿಲ್ಲ.

ಮೊದಲ ಮಂಗಳವಾರ ಹಳೇ ಬಣ್ಣ ಕೆರೆಯುವುದರಲ್ಲೇ ಹೋಯಿತು.
ಎರಡನೆಯದೂ. ಹಸಿರಿನ ಕೆಳಗೆ ಕೆಂಪು, ಕೆಂಪಿನ ಕೆಳಗೆ
ಯಾರೋ ಸತ್ತವರ ಹೆಸರು. ಅದರ ಮೇಲೆ ಕೈ ನಿಂತಿತು.
‘ಕೆರಿ’ ಎಂದ ಮುದುಕ, ‘ಅವನೂ ಅವರಪ್ಪನ ಹೆಸರು ಕೆರೆದವನೇ.’

ಸುಣ್ಣ ಬಳಿದ ದಾರ ಬಿಗಿದು, ಚಟ್ಟನೆ ಬಿಟ್ಟರೆ
ನೇರ ಗೆರೆ. ಬಾಗಿದ ಹಲಗೆಯ ಮೇಲೂ ನೇರ.
ಇದನ್ನು ಕುಮಾಸಿಯಲ್ಲಿ ಕಾಸು ಕಟ್ಟಿ ಕಲಿಯುತ್ತೇನಂತೆ.

ಏಳನೆಯ ಮಂಗಳವಾರ ಎಕುವಾ ಮನ್ಸಾಳ ದೋಣಿ ನನ್ನೊಬ್ಬಳ ಪಾಲಿಗೆ.
ಬರೆಯಬೇಕಾದ್ದು ಒಂದೇ ಪದ: ಪ್ರೀತಿ.
ನಮ್ಮ ಭಾಷೆಯಲ್ಲಿ ಅದಕ್ಕೆ ಮೂರೇ ಅಕ್ಷರ,
ಹಿಂದೊಂದು ಮುಂದೊಂದು ಒಂದೇ ಸ್ವರ,
ಎಡಕ್ಕೆ ಬಾಯಿ ತೆರೆದ ಸ್ವರ, ಇಂಗ್ಲಿಷಿನವರಿಗೆ ಇಲ್ಲದ್ದು.
ಮೊದಲನೆಯದನ್ನು ಸರಿಯಾಗಿ ಬರೆದೆ.
ಕೊನೆಯದಕ್ಕೆ ಬರುವಷ್ಟರಲ್ಲಿ ಬಿಸಿಲೇರಿತ್ತು, ಮನಸ್ಸು ಎಲ್ಲೋ ಇತ್ತು,
ಹದಿಮೂರು ವರ್ಷ ಶಾಲೆಯಲ್ಲಿ ಪಳಗಿದ ಕೈ
ತಾನಾಗಿಯೇ ಬಾಯಿಯನ್ನು ಬಲಕ್ಕೆ ತಿರುಗಿಸಿಬಿಟ್ಟಿತು.

ನೋಡಿದ್ದು ಬಣ್ಣ ಒಣಗಿದ ಮೇಲೆ.
ಎಗ್ಯಾ ಬೋಟ್ವೆ ನಕ್ಕ ನಗೆಗೆ ಮೂವರು ಹುಡುಗರು ಓಡಿ ಬಂದರು.
ಎಕುವಾ ಮನ್ಸಾ ಬಂದಳು, ಸೊಂಟದ ಮೇಲೆ ಕೈಯಿಟ್ಟು.
ಒಂದು ಬಾಯಿ ಹಿಂದಕ್ಕೆ, ದಂಡೆಯ ಕಡೆಗೆ.
ಒಂದು ಬಾಯಿ ಮುಂದಕ್ಕೆ, ನೀರಿನ ಕಡೆಗೆ.
‘ಕೆರೆದು ಮತ್ತೆ ಬರೀತೀನಿ’ ಎಂದೆ.
‘ಬೇಡ’ ಎಂದಳು. ‘ಇಲ್ಲಿ ಪ್ರೀತಿ ಅಂತ ಹೆಸರಿಟ್ಟ ದೋಣಿ
ಒಂಬತ್ತಿವೆ. ನನ್ನದು ಯಾವುದೂಂತ ದೂರದಿಂದಲೇ ಗೊತ್ತಾಗಲಿ.’
ಅಷ್ಟು ಹೇಳಿ ಕೂಲಿಯಲ್ಲಿ ಐದು ಸೆಡಿ ಮುರಿದುಕೊಂಡಳು.

ಉಳಿದ ಆರಾರು ದಿನ? ಟೈಪಿಂಗ್ ಕಲಿತೆ, ಸುಳ್ಳೇಕೆ.
ಫೀಫಿ ಲೆಕ್ಕದಲ್ಲಿ ಇನ್ನಷ್ಟು ಹಿಂದೆ ಬಿದ್ದ,
ಅವನಿಗೆ ಗಾಳಿಪಟ ಬೇಕಿತ್ತು, ನನಗೂ.

ಹನ್ನೊಂದನೆಯ ಮಂಗಳವಾರ ಯಾವ ಕೆಲಸವೂ ಇರಲಿಲ್ಲ.
ಮುದುಕ, ನಾನು, ಉಪ್ಪು ಹಚ್ಚಿದ ಸೀಬೆಹಣ್ಣು.
ಡಬ್ಬಿಗಳ ಮುಚ್ಚಳ ಬಿಗಿ ಮಾಡಿದೆವು.
ಕುಂಚ ಕೊಡುತ್ತಾನೇನೋ ಅಂದುಕೊಂಡಿದ್ದೆ, ಕೊಡಲಿಲ್ಲ.
ಅವನಲ್ಲಿ ಇದ್ದದ್ದೇ ಒಂದು.

ಬುಧವಾರ ನಸುಕಿಗೆ ಟ್ರೋಟ್ರೋ ಹತ್ತಿದಾಗ
ದಂಡೆ ಬರಿದಾಗಿತ್ತು, ದೋಣಿಗಳು ಹೋಗಿಯಾಗಿತ್ತು.
ಕಿಟಕಿಯಿಂದ ಕತ್ತು ಹಾಕಿ ಹುಡುಕಿದೆ,
ಅಷ್ಟು ದೂರದಿಂದ ಏನೂ ಗೊತ್ತಾಗಲಿಲ್ಲ.
ಪಕ್ಕದ ಸೀಟಿನಾಕೆ ನನ್ನ ಉಗುರಿನ ಹಳದಿ ಕಂಡು
ಕಾಮಾಲೆಯೇ ಮಗಳೇ, ಎಂದು
ವಿನ್ನೆಬಾ ದಾಟುವವರೆಗೂ ಮದ್ದು ಹೇಳಿದಳು.