ಆಲಿಕಲ್ಲು ತಾಕಿದವು

ಬೆಲ್ಟಿನ ಮೇಲೆ ಬರುತ್ತವೆ, ಬರುತ್ತಲೇ ಇರುತ್ತವೆ.
ಎಂಟು ಗಂಟೆ ನಿಂತು ನಾನು ಆರಿಸುತ್ತೇನೆ:
ಬಿಸಿಲಿಗೆ ಕೆನ್ನೆ ಸುಟ್ಟದ್ದು, ಕೊಂಬೆ ತೀಡಿ ಕಂದಿದ್ದು,
ಜನವರಿಯ ಒಂದು ಮಧ್ಯಾಹ್ನ ಹತ್ತೇ ನಿಮಿಷ ಸುರಿದ
ಆಲಿಕಲ್ಲು ಕುಕ್ಕಿ ಹೋದದ್ದು.
ಎಡಕ್ಕೆ. ಎಡಕ್ಕೆ. ಎಡಕ್ಕೆ.
ಬಲಕ್ಕೆ ಹೋದವಕ್ಕೆ ಸ್ಟಿಕ್ಕರು, ಪೆಟ್ಟಿಗೆ, ಹಡಗು.
ಎಡದವು ಜ್ಯೂಸಿಗೆ, ಹಂದಿಗೆ,
ಶುಕ್ರವಾರ ಒಂದು ಚೀಲ ನನಗೆ.

ಹ್ಯೂಆನ್ ಕಣಿವೆಯಲ್ಲಿ ಮೇ ಅಂದರೆ
ಸಂಜೆ ನಾಲ್ಕೂವರೆಗೇ ಬೆಟ್ಟ ಸೂರ್ಯನನ್ನು ನುಂಗುವ ತಿಂಗಳು.
ಅಡುಗೆಮನೆಯ ಕಿಟಕಿ ಬೆವರಿದೆ.
ಮಾವ ಕ್ಲಾರಿ ಆಗಲೇ ಕುರ್ಚಿ ಎಳೆದುಕೊಂಡು
ಏರ್ ಫ್ರೈಯರಿನ ಹಿಂದೆ ಕೂತಿದ್ದಾರೆ.
ಮುಂದೆ ಅಲ್ಲ, ಹಿಂದೆ. ಬಿಸಿಗಾಳಿ ಹೊರಬೀಳುವ ಜಾಲರಿಗೆ
ಅಂಗೈ ಒಡ್ಡಿಕೊಂಡು.

ಐವತ್ತೆರಡು ವರ್ಷ ಮರ ಸವರಿದ ಕೈ.
ಕಣ್ಣು ಕಟ್ಟಿ ಹಣ್ಣು ಮೂಗಿಗೆ ಹಿಡಿದರೆ
ತಳಿ ಹೇಳುತ್ತಿದ್ದರಂತೆ, ಯಾರ ತೋಟದ್ದೆಂದೂ ಹೇಳುತ್ತಿದ್ದರಂತೆ,
ಪಬ್ಬಿನಲ್ಲಿ ಬಾಜಿ ಕಟ್ಟಿ ಬಿಯರು ಗೆಲ್ಲುತ್ತಿದ್ದರಂತೆ.
ಹೋದ ಚಳಿಗಾಲ ಒಂದು ಜ್ವರ ಬಂತು,
ಹೋಗುವಾಗ ಮೂಗನ್ನು ಹೊತ್ತುಕೊಂಡು ಹೋಯಿತು.
ಮೂಗಿದೆ. ಕನ್ನಡಕ ನಿಲ್ಲುವುದಕ್ಕೆ.
"ಸೂಪೂ ಬಿಸಿನೀರೂ ಒಂದೇ" ಅನ್ನುತ್ತಾರೆ,
ದೂರಲ್ಲ, ನಾಳೆ ಮೋಡವಿದೆ ಅಂದ ಹಾಗೆ.

ಸಿಪ್ಪೆ ಸಮೇತ ಬಿಲ್ಲೆ ಬಿಲ್ಲೆಯಾಗಿ ಹೆಚ್ಚುತ್ತೇನೆ.
ಕುಕ್ಕಿದ ಗುರುತಿನಡಿ ಬೆಂಡಿನಂಥ ಕಂದು;
ಚಾಕುವಿನ ತುದಿಯಿಂದ ಅಷ್ಟನ್ನೇ ಎಬ್ಬಿಸಿದರೆ
ಉಳಿದದ್ದೆಲ್ಲ ಸೇಬೇ.
ಚಕ್ಕೆ ಪುಡಿ, ಜಾಯಿಕಾಯಿ ಎರಡು ಉಜ್ಜು,
ಲವಂಗ ಹೆದರಿ ಹೆದರಿ, ಕಂದು ಸಕ್ಕರೆ ಧಾರಾಳ,
ಕರಗಿದ ಬೆಣ್ಣೆ ಒಂದು ಚಮಚ.
ಬೆರಳಲ್ಲಿ ಕಲಸುತ್ತಾ ನನಗೆ ನಾಚಿಕೆ.
ಕೋಣನ ಮುಂದೆ ಕಿನ್ನರಿ ಅನ್ನಲೆ? ಅನ್ನಲಾರೆ.
ಇವರು ಕಿನ್ನರಿಯನ್ನೇ ಬಾರಿಸುತ್ತಿದ್ದವರು.

ನೂರೆಂಬತ್ತು ಡಿಗ್ರಿ, ಹನ್ನೊಂದು ನಿಮಿಷ.
ಬುಟ್ಟಿ ತಳ್ಳಿದೊಡನೆ ಒಳಗೆ ಗಾಳಿ ಎದ್ದಿತು.
ಉರಿಯಿಲ್ಲ, ಬಾಣಲೆಯಿಲ್ಲ, ನೋಡುವುದಕ್ಕೆ ಏನೂ ಇಲ್ಲ,
ಡಬ್ಬಿಯೊಳಗೆ ಸಿಕ್ಕಿಬಿದ್ದ ಒಂದು ಬೇಸಿಗೆ.
ಮೂರನೇ ನಿಮಿಷಕ್ಕೆ ಟಪ್.
ಟಪ, ಟಪ ಟಪ.
"ಆಲಿಕಲ್ಲು" ಅಂದರು ಮಾವ, "ತಗಡಿನ ಮೇಲೆ.
ಬಿಲ್ಲೆ ಹಾರುತ್ತಿದೆ. ಒಂದಲ್ಲ, ಎರಡು."
ಎಳೆದು ನೋಡಿದೆ: ಎರಡೇ.
ತೆಳ್ಳಗೆ ಹೆಚ್ಚಿದ್ದು ನನ್ನದೇ ತಪ್ಪು.
ಒಂದನ್ನು ಫೋರ್ಕಿನಡಿ ಒತ್ತಿಟ್ಟೆ,
ಇನ್ನೊಂದು ಮೇಲಿನ ಸುರುಳಿಗೆ ಕಚ್ಚಿಕೊಂಡಿತ್ತು, ಬರಲೊಲ್ಲದು.

ಅಷ್ಟು ಹೊತ್ತಿಗೆ ಘಮ ಮೆಟ್ಟಿಲು ಹತ್ತಿತ್ತು.
ಟ್ಯಾಮ್ಸಿನ್ ಇಳಿದು ಬಂದಳು, ಕಾಲ್ಚೀಲ ಒಂದೇ ಕಾಲಿಗೆ,
ನಾವು ಯಾರೂ ಒಂದು ವರ್ಷ ಕೇಳದ್ದನ್ನು ಕೇಳಿಯೇಬಿಟ್ಟಳು:
"ಅಜ್ಜ, ಇದು ನಿನಗೆ ಹೇಗನ್ನಿಸ್ತಿದೆ?"
ಅವರು ಯೋಚಿಸಿದರು. ನಿಜವಾಗಿ ಯೋಚಿಸಿದರು.
"ಎಡಗೈ ಹೆಚ್ಚು ಬಿಸಿ" ಅಂದರು.

ತಟ್ಟೆಯಲ್ಲಿ ಬಂದವು, ಅಂಚು ಗರಿ, ನಡುವೆ ಮೆತ್ತಗೆ.
ಒಂದನ್ನು ಕಚ್ಚಿ, ಕಣ್ಣು ಮುಚ್ಚಿ,
ಹಲ್ಲಿಗೆ ಸಿಕ್ಕ ಸಿಪ್ಪೆಯನ್ನು ನಾಲಗೆಯಿಂದ ತಡವಿ
"ಸ್ಟರ್ಮರ್" ಅಂದರು, ಹಳೆಯ ಗತ್ತಿನಲ್ಲಿ.
ನಾನು ಸುಮ್ಮನಿದ್ದೆ.
"ಅಲ್ಲ, ಫ್ಯೂಜಿ" ಅಂದಳು ಮಗಳು. "ಸೋತೆ. ಎರಡು ಡಾಲರು."
ಜೇಬು ತಡಕಿ ಕೊಟ್ಟರು.

ಸುರುಳಿಗೆ ಅಂಟಿದ್ದನ್ನು ಕೆರೆದು ತೆಗೆದು
ಕಸದ ಡಬ್ಬಿಯ ಕಾಲೊತ್ತಿಗೆ ಒತ್ತಿದ್ದೆ.
"ಅದನ್ನು ಕೊಡು ಇಲ್ಲಿ."
ಇದ್ದಿಲಿನ ಹಾಗಿದ್ದುದನ್ನು ಬಾಯಿಗೆ ಹಾಕಿಕೊಂಡರು.
ಮುಖ ಕಿವುಚಿತು. ಕಿವುಚಿಕೊಂಡೇ
ಅರಳಿತು.
"ಕಹಿ" ಅಂದರು. "ಕಣೇ, ಕಹಿ!"
ಯಾರೋ ಊರಿನವರು ಪರದೇಶದಲ್ಲಿ ಸಿಕ್ಕ ಹಾಗೆ.

ಮುಂದಿನ ಬುಟ್ಟಿಗೆ ಅಪ್ಪಣೆಯಾಗಿದೆ: ನಾಲ್ಕು ತೆಳ್ಳಗಿರಲಿ,
ಫೋರ್ಕು ಬೇಡ.
ಹೊರಗೆ ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗುತ್ತಿದೆ.
ಯಂತ್ರ ನಿಂತಿದೆ, ತಣಿಯುತ್ತಾ ಟಿಕ್ ಟಿಕ್ ಅನ್ನುತ್ತಿದೆ,
ಮಾವ ಕೈ ಬದಲಾಯಿಸುತ್ತಾರೆ.