ಹರಳೆಣ್ಣೆ ಒಂದು ತೊಟ್ಟು

ಬೂದನೂರಿನ ಆಲೆಮನೆಯಲ್ಲಿ
ಇಪ್ಪತ್ತಾರು ವರ್ಷ ಪಾಕ ನೋಡಿದ ಕಣ್ಣಿದು.
ಕೊಪ್ಪರಿಗೆ ಯಾವಾಗ ಇಳಿಸಬೇಕೆಂದು
ಗಡಿಯಾರವನ್ನು ಕೇಳಿದವನಲ್ಲ ನಾನು.
ಗುಳ್ಳೆಯ ಗಾತ್ರ ಸಾಕಿತ್ತು,
ಅದು ಒಡೆಯುವ ನಿಧಾನ ಸಾಕಿತ್ತು.

ಹೋದ ಮಾಗಿಯಲ್ಲಿ ಒಂದು ರಾತ್ರಿ
ಗುಳ್ಳೆಗಳೆಲ್ಲ ಕಲೆಸಿ ಒಂದೇ ಆಗಿ ಕಂಡವು.
ರೆಪ್ಪೆಯೊಳಗೆ ಮರಳು, ಮರಳಿನ ಮೇಲೆ ನೀರು,
ಒರೆಸಿದಷ್ಟೂ ನೀರು.
ಪಾಕ ಸೀದು ಕರಿಮುದ್ದೆಯಾಯಿತು, ನಾಯಿಯೂ ಮೂಸಲಿಲ್ಲ.
ಸಾಹುಕಾರ ಏನೂ ಅನ್ನಲಿಲ್ಲ.
ಮಾರನೆಯ ದಿನ ಗೂಟಕ್ಕೆ ಥರ್ಮಾಮೀಟರು ನೇತುಹಾಕಿದ್ದ,
ಅದರ ಪಕ್ಕ ಹತ್ತೊಂಬತ್ತರ ಹುಡುಗ ಬೋರಲಿಂಗ.

ನಿಮ್ಮದು ಒಣಗಣ್ಣು, ಎಂದರು ಮೈಸೂರಿನ ಡಾಕ್ಟರಮ್ಮ.
ನಕ್ಕುಬಿಟ್ಟೆ.
ಹೆಗಲ ಟವೆಲು ಹಿಂಡಿದರೆ ಒಂದು ಚೊಂಬು ನೀರು,
ಒಣಗಣ್ಣಂತೆ!
ಆಕೆ ಚೀಟಿಯ ಬೆನ್ನಿಗೆ ರೆಪ್ಪೆ ಬರೆದು ತೋರಿಸಿದರು:
ಅಂಚಿನುದ್ದಕ್ಕೂ ಎಣ್ಣೆಯ ಸಣ್ಣ ಸಣ್ಣ ಗೂಡು.
ಕಣ್ಣನೀರಿನ ಮೇಲೆ ತೆಳ್ಳಗೆ ಹರಡಿ
ಆರದಂತೆ ಕಾಯುವ ಎಣ್ಣೆ,
ನಿಮ್ಮಲ್ಲಿ ಹೆಪ್ಪುಗಟ್ಟಿ ಬಾಯಿ ಕಟ್ಟಿದೆ,
ಚಳಿಗಾಲದ ತುಪ್ಪದ ಹಾಗೆ.

ಅಷ್ಟು ಸಾಕಾಯಿತು ನನಗೆ.
ಉಕ್ಕಿ ಬರುವ ಕಬ್ಬಿನ ಹಾಲಿಗೆ
ಹರಳೆಣ್ಣೆ ಒಂದು ತೊಟ್ಟು ಬಿಟ್ಟರೆ
ಇಡೀ ಕೊಪ್ಪರಿಗೆ ತಲೆ ತಗ್ಗಿಸುವುದನ್ನು
ದಿನಕ್ಕೆ ನಾಲ್ಕು ಸಲ ಕಂಡವನು.
ಅಂಥದ್ದೊಂದು ತೊಟ್ಟು ಕಣ್ಣಲ್ಲೂ ಇತ್ತೆಂದು
ಯಾರೂ ಹೇಳಿರಲಿಲ್ಲ.

ಬೆಳಕು ಹಾಕಿಸ್ಕೊಳಕ್ಕೆ ಮೈಸೂರಿಗಾ,
ಇಲ್ಲಿ ಬಿಸ್ಲು ಬಿಟ್ಟಿ ಬಿದ್ದದಲ್ಲ, ಎಂದಳು ಜವರಮ್ಮ.
ಎಂದು, ಚೀಟಿ ಎತ್ತಿದ ದುಡ್ಡು ತಂದು
ಸೆರಗಿನ ಗಂಟು ಬಿಚ್ಚಿದಳು.

ಮೊದಲು ಕೆನ್ನೆಯ ಪಕ್ಕ ಒಂದು ಪಟ್ಟಿ ಹಿಡಿದರು:
ಆರು ಬಣ್ಣ, ಬಿಳುಪಿನಿಂದ ಕಪ್ಪಿಗೆ.
ಮಂಡಿಯಲ್ಲಿ ಬೆಲ್ಲಕ್ಕೆ ಹೀಗೇ ದರ ಕಟ್ಟುತ್ತಾರೆ,
ಹೊಂಬಣ್ಣ ಮುಂದಕ್ಕೆ, ಕಪ್ಪು ಮೂಲೆಗೆ.
ಬಣ್ಣ ಬರಲೆಂದು ಪುಡಿ ಸುರಿಯುವವರಿದ್ದಾರೆ,
ನಾನೂ ಸುರಿದಿದ್ದೇನೆ.
ಐದನೆಯದು, ಅಂದಳು ನರ್ಸು ಹುಡುಗಿ.
ಆರಾಗಿದ್ದರೆ ಈ ಬೆಳಕು ನಿಮಗಲ್ಲ;
ಕಪ್ಪು ಚರ್ಮ ತಾನೇ ಕುಡಿದು ಸುಟ್ಟುಕೊಳ್ಳುತ್ತೆ.
ಬಗ್ಗಿ, ಯಂತ್ರದ ಉರಿ ತಗ್ಗಿಸಿದಳು.
ಉರಿ ತಗ್ಗಿಸುವ ಆ ಕೈ ನೋಡಿದೆ,
ನಂಬಿಕೆ ಬಂತು.

ಕಣ್ಣಿಗೆ ಕರಿ ಬಟ್ಟಲು ಮುಚ್ಚಿ
ಕೆನ್ನೆಗೆ ತಣ್ಣನೆ ಲೋಳೆ ಬಳಿದಳು.
ನಾವು ಬೆಂಡೆ ಗಿಡದ ಲೋಳೆ ಹಾಕಿ ಮಡ್ಡಿ ತೆಗೀತೀವಿ, ಅಂದೆ.
ಮಾತಾಡಬೇಡಿ, ಅಂದಳು.
ಛಟ್.
ಕತ್ತಲೊಳಗೆ ಒಂದು ಕೆಂಪು, ಬೆರಳು ಚಿಟಿದಷ್ಟು ಬಿಸಿ.
ಈ ಕಿವಿಯಿಂದ ಮೂಗಿಗೆ, ಮೂಗಿನಿಂದ ಆ ಕಿವಿಗೆ
ಇಪ್ಪತ್ತೆಂಟು ಮಿಂಚು. ಎಣಿಸಿದೆ.
ಹೊಗೆಯಿಲ್ಲದ ಬೆಂಕಿಗೆ ಮುಖ ಕೊಟ್ಟದ್ದು
ಈ ಜನ್ಮದಲ್ಲಿ ಅದೇ ಮೊದಲು.
ಆಮೇಲೆ ಚಿಮುಟದಲ್ಲಿ ರೆಪ್ಪೆ ಹಿಂಡಿದರು.
ಗಾಣಕ್ಕೆ ಕೊಟ್ಟ ಕಬ್ಬಿನ ಪಾಡು ಗೊತ್ತಾಯಿತು.

ಮೂರನೆಯ ಸಲ ಮುಗಿಸಿ ಬರುವಾಗ
ಪ್ಯಾಸೆಂಜರ್ ರೈಲಿನ ಕಿಟಕಿ,
ಶ್ರೀರಂಗಪಟ್ಟಣದ ಸೇತುವೆ,
ಹೊಳೆಗಾಳಿ ನೇರ ಮುಖಕ್ಕೆ.
ಟವೆಲಿಗೆ ಕೈ ಹೋಯಿತು, ಬರೀ ರೂಢಿ.
ರೆಪ್ಪೆ ಮುಚ್ಚಿತು, ತೆರೆಯಿತು,
ಸದ್ದೇ ಇಲ್ಲ.
ಎದುರಿಗೆ ಕೂತಿದ್ದ ಹೂವಿನವಳು ಕೇಳಿದಳು,
ಯಾಕಣ್ಣ, ಅಷ್ಟು ಸಲ ಕಣ್ಣು ಮಿಟುಕುಸ್ತೀಯೆ?

ಹೊಗೆಗೆ ಹೋಗಬೇಡಿ ಅಂದಿದ್ದರು, ಹೂಂ ಅಂದಿದ್ದೆ.
ಸಂಜೆಗೆ ಆಲೆಮನೆಯ ಬಾಗಿಲಲ್ಲಿದ್ದೆ,
ಒಳಗೆ ಹೋಗಲಿಲ್ಲ, ಗಾಳಿಗೆ ಬೆನ್ನು ಕೊಟ್ಟು ನಿಂತೆ.
ರಚ್ಚು ಸಾಲದೆ ಒಲೆಗೆ ಹಳೇ ಟೈರು ತುರುಕಿದ್ದರು.
ಅಷ್ಟು ದೂರದಿಂದ ಗುಳ್ಳೆ ಒಂದೊಂದೂ ಕಾಣುತ್ತಿತ್ತು.
ಇಳಿಸೋ, ಅಂದೆ.
ಇನ್ನೂ ಎರಡು ಡಿಗ್ರಿ ಬಾಕಿ ಐತೆ ಕಣಣ್ಣ,
ಅಂದ ಬೋರಲಿಂಗ,
ಎರಡೂ ಮುಂಗೈಯಲ್ಲಿ ಕಣ್ಣು ಉಜ್ಜುತ್ತ.

ಹೆಗಲ ಟವೆಲು ತೆಗೆದು
ಅವನತ್ತ ಎಸೆದೆ.