ಆಯ್ಲೆ, ಗೆಲೆ

ರಾತ್ರಿ ಹನ್ನೊಂದಕ್ಕೆ ತೋಡೂರಿನ ಈ ಕಾಲನಿಯಲ್ಲಿ
ಎಲ್ಲರ ಟೀವಿ ಆರಿದ ಮೇಲೆ ನನ್ನದು ಶುರು.
ಎಂಬತ್ತಾರನೇ ಇಸವಿಯ ಪಾಪ್ ಹಾಡುಗಳ ಅರ್ಧ ತಾಸು,
ಯಾವುದೋ ಚಾನೆಲ್ಲು ಉಪ್ಪಿನಕಾಯಿ ಭರಣಿಗೆ ಕೈ ಹಾಕಿ
ದಿನಕ್ಕೊಂದು ಹೋಳು ಬಡಿಸುತ್ತಿದೆ.
ಹೆಂಡತಿ ಮಲಗಿದಲ್ಲಿಂದಲೇ ಕೇಳುತ್ತಾಳೆ,
ಕಂಡದ್ದನ್ನೇ ಎಷ್ಟು ಸಲ ಕಾಣ್ತೀರಿ?

ಕಂಡದ್ದಲ್ಲ ಮಾರಾಯ್ತಿ.
ನಾನು ನೋಡುತ್ತಿರುವುದು ಇದೇ ಮೊದಲು.

ಆಗ ನಮ್ಮ ಅರ್ಗಾದಲ್ಲಿ ಇದ್ದದ್ದು ಒಂದೇ ಟೀವಿ.
ಹಡಗಿನ ಅಡುಗೆಯವ ಕಾಯ್ತಾನ್ ಬಾಬ್
ಕಂಬಳಿಯಲ್ಲಿ ಸುತ್ತಿ ತಂದದ್ದು, ಕಪ್ಪು ಬಿಳುಪು.
ಶನಿವಾರ ಅವನ ಜಗಲಿಯಲ್ಲಿ ನಲವತ್ತು ಜನ,
ಚಪ್ಪಲಿಗಳೇ ಒಂದು ದೋಣಿ ತುಂಬುವಷ್ಟು.
ನಾನು ಮಾತ್ರ ಹಂಚಿನ ಮೇಲೆ.
ಹದಿನಾರು ವರ್ಷ, ತೂಕ ಕಡಿಮೆ, ಹಂಚು ಒಡೆಯುವುದಿಲ್ಲ
ಎಂದು ಊರೇ ಸೇರಿ ಆರಿಸಿದ ಹುಡುಗ.

ಕಡಲ ಗಾಳಿ ಬೀಸಿದರೆ ಆಂಟೆನಾ
ಮುನಿಸಿಕೊಂಡ ನಾದಿನಿಯಂತೆ ಮುಖ ತಿರುಗಿಸುತ್ತಿತ್ತು.
ಕೊಳವೆ ತಬ್ಬಿ ಅದನ್ನು ಪಣಜಿಯ ಕಡೆ ಒಲಿಸುವುದು ನಾನು,
ಕೆಳಗಿನಿಂದ ಕೂಗುವುದು ಕಾಯ್ತಾನನ ಮಗಳು ಇನಾಸಿನ್:
ಆಯ್ಲೆ!
ಬಂತಂತೆ. ಉಸಿರು ಹಿಡಿದು ನಿಲ್ಲುತ್ತಿದ್ದೆ, ಮೂಗಿನ ಮೇಲೆ ಸೊಳ್ಳೆ.
ಗೆಲೆ!
ಹೋಯಿತಂತೆ.
ಪುರ್ಸೋ, ಚೂರು ಕಡಲಿಗೆ! ಅಲ್ಲ ಅಲ್ಲ, ಚೂರು ಗುಡ್ಡಕ್ಕೆ!

ಹಂಚಿನ ಸಂದಿಯಲ್ಲಿ ಸೋರಿ ಬಂದಷ್ಟೇ ಹಾಡು ನನ್ನ ಪಾಲು.
ನೋಡಲಿಕ್ಕೆ ಇದ್ದದ್ದು ದೇವಗಡದ ದೀಪಸ್ತಂಭ,
ಅದು ಯಾರ ಹಾಡಿಗೂ ತಾಳ ತಪ್ಪಲಿಲ್ಲ.

ಭಾನುವಾರ ಇಗರ್ಜಿ ಮುಗಿಸಿ ಬಂದವಳು
ಒಣಸಿಗಡಿ ಹರವಿದ ಚಾಪೆಯ ಪಕ್ಕ ನಿಂತು,
ಕಸಬರಿಗೆಯೇ ಗಿಟಾರು,
ನನಗೆ ತಪ್ಪಿದ್ದನ್ನೆಲ್ಲ ಆಡಿ ತೋರಿಸುತ್ತಿದ್ದಳು.
ಹಾಡುವವಳ ಲಂಗ ನೀಲಿ ಎಂದಳು.
ಕಪ್ಪು ಬಿಳುಪಲ್ಲಿ ನಿನಗೆ ಹ್ಯಾಂಗೆ ಗೊತ್ತಾಯ್ತು ಎಂದರೆ
ನೀಲಿ ಅಂದ್ರೆ ನೀಲಿ.
ಕೊನೆಯ ಹಾಡಿಗೆ ಡ್ರಮ್ಮಿನೊಳಗಿಂದ ಪಾರಿವಾಳ ಹಾರಿತಂತೆ,
ದೀಪಗಳಿಗೆ ಬಡಿದು ಬಡಿದು
ಅವಳ ಹೆಗಲ ಮೇಲೇ ಇಳಿಯಿತಂತೆ,
ಒಂದು ಸಾಲೂ ತಪ್ಪಲಿಲ್ಲವಂತೆ ಅವಳು.

ಈಗ ನೋಡುತ್ತೇನೆ. ಬಂಗಡೆ ಸುಟ್ಟಷ್ಟು ಹೊಗೆ.
ಹೆಗಲಿಗೆ ತಲೆದಿಂಬು ಹೊಲಿಸಿಕೊಂಡ ಕೋಟುಗಳು.
ಲಂಗ ಅರಿಶಿನ, ಅಪ್ಪಟ ಅರಿಶಿನ.
ಬಿಣಗಾ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ವೈರಮನ್ ಆಗಿದ್ದ ಕಣ್ಣು,
ಮೊದಲು ಹುಡುಕುವುದೇ ಪ್ಲಗ್ಗು.
ಗಿಟಾರಿಗೆ ವೈರೇ ಇಲ್ಲ.
ತಾಳ ಬಡಿದರೂ ಅಲುಗುವುದಿಲ್ಲ.
ಎಲ್ಲೋ ಕ್ಯಾಸೆಟ್ಟು ತಿರುಗುತ್ತಿದೆ, ಇವರು ಬಾಯಿ ಆಡಿಸುತ್ತಿದ್ದಾರೆ.
ಅಷ್ಟು ಜನರಲ್ಲಿ ನಿಜಕ್ಕೂ ವೈರು ಹಿಡಿದವನು
ಅರ್ಗಾದ ಹಂಚಿನ ಮೇಲಿದ್ದ.

ಆಮೇಲೆ ನೌಕಾನೆಲೆ ಬಂತು. ಜಗಲಿ, ಹಂಚು, ಚಾಪೆ ಹರವಿದ ಅಂಗಳ
ಎಲ್ಲ ಗೋಡೆಯ ಆಚೆಗೆ.
ಬಸ್ಸಿನ ಕಿಟಕಿಗೆ ಗುಡ್ಡ ಮಾತ್ರ ಸಿಗುತ್ತದೆ,
ಚೂರು ಗುಡ್ಡಕ್ಕೆ ಎಂದಳಲ್ಲ, ಆ ಗುಡ್ಡ.

ಹೋದ ವರ್ಷ ಪರಿಹಾರದ ಕೇಸಿಗೆಂದು
ಕಾರವಾರದ ಕೋರ್ಟಿಗೆ ವಾಸ್ಕೋದಿಂದ ಬಂದಿದ್ದಳು ಇನಾಸಿನ್.
ಮೊಣಕಾಲು ನೋವು, ಕೈಯಲ್ಲಿ ಪಹಣಿಯ ಝೆರಾಕ್ಸು.
ಬೆಂಚಿನಲ್ಲಿ ಕೂತು ನಾನು ಕೇಳಿದ್ದು ಒಂದೇ:
ಆ ಪಾರಿವಾಳ ಯಾವ ಕಂತಿನಲ್ಲಿ?

ಯಾವ ಪಾರಿವಾಳ? ಎಂದಳು.
ಆಮೇಲೆ ನೆನಪಾಗಿ, ಬಾಯಿಗೆ ಸೆರಗು ಒತ್ತಿ ನಕ್ಕಳು.
ನಮಗೆಲ್ಲಿ ಕಂಡಿತ್ತೋ ಪುರ್ಸೋ? ಬರೀ ಚುಕ್ಕಿ,
ಅಕ್ಕಿ ಕೇರಿದ ಹಾಗೆ. ಒಂದು ದಿನವೂ ಸರಿ ಬರಲಿಲ್ಲ.
ಮತ್ತೆ ಆಯ್ಲೆ ಎಂದು ಕೂಗಿದ್ದು?
ಅಷ್ಟು ಹೊತ್ತು ನಿಂತಿದ್ದೆಯಲ್ಲ, ಪಾಪ.
ಇಳಿದು ಬಂದವನಿಗೆ ಏನಾದರೂ ಹೇಳಬೇಕಿತ್ತಲ್ಲ.

ಅಷ್ಟರಲ್ಲಿ ಪೇದೆ ಅವಳ ಹೆಸರು ಕೂಗಿದ, ತಪ್ಪು ತಪ್ಪಾಗಿ.

ಹಾಗಾದರೆ ಅರ್ಗಾದವರಲ್ಲಿ
ಈ ಕಾರ್ಯಕ್ರಮ ನೋಡಿದ ಮೊದಲಿಗ ನಾನೇ ಇರಬೇಕು,
ಊರು ಮುಗಿದು ಇಷ್ಟು ವರ್ಷಕ್ಕೆ.
ಚಿತ್ರ ಗಾಜಿನ ಹಾಗಿದೆ, ಒಂದು ಚುಕ್ಕಿಯಿಲ್ಲ.
ಗಾಳಿ ಎದ್ದರೆ ಮಾತ್ರ
ಕೈ ತಾನಾಗಿ ಕುರ್ಚಿಯ ಕಾಲನ್ನು ಗಟ್ಟಿ ಹಿಡಿಯುತ್ತದೆ.

ಕೊನೆಯ ಹಾಡು. ಡ್ರಮ್ಮಿನವನು ಕೋಲು ಎತ್ತಿದ.
ಧ್ವನಿ ತಗ್ಗಿಸಿ ಮುಂದಕ್ಕೆ ಬಾಗಿ ಕೂತೆ.

ಇವತ್ತೂ ಬರಲಿಲ್ಲ.
ಶನಿವಾರ ಇದೇ ಕಂತು ಮತ್ತೆ ಇದೆಯಂತೆ.